ನಮ್ಮ ಪಟ್ಟಣದ ನಲ್ಲಿ ನೀರು: ಐದಕ್ಕೆ ಎರಡು ಅಂಕ

ಆ ಎರಡೂ ಅಂಕ ನಮ್ಮ ನೀರುಗಂಟಿಗೆ ಸಲ್ಲಬೇಕು. ನಡುರಾತ್ರಿ ಕೊಳವೆ ಒಡೆದರೂ ಟಾರ್ಚು ಹಿಡಿದು ಬರುತ್ತಾರೆ. ಉಳಿದದ್ದೆಲ್ಲ ನಿರಾಶೆ. ಬೀದಿಯಡಿ ಇರುವುದು ಇಂದಿಗೂ ಹಳೆಯ ಬೀಡುಕಬ್ಬಿಣದ ಕೊಳವೆ. ಮೂರು ದಿನಕ್ಕೊಮ್ಮೆ ನೀರು ಬಿಟ್ಟಾಗ ಮೊದಲ ಎರಡು ಕೊಡ ತುಕ್ಕಿನ ಕೆಂಪು. ನೀರು ನಿಂತ ಮೇಲೆ ಖಾಲಿ ಕೊಳವೆ ಬಿರುಕುಗಳಿಂದ ಚರಂಡಿಯ ಕೊಳೆಯನ್ನು ಒಳಗೆಳೆದುಕೊಳ್ಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಹೆದ್ದಾರಿ ಪಕ್ಕದ ಹೊಸ ಬಡಾವಣೆಯ ಮೇಲೆ ನನಗೆ ಕೋಪವಿಲ್ಲ, ಅಲ್ಲಿ ಮನೆ ಕಟ್ಟುತ್ತಿರುವವರು ನಮ್ಮ ಮಕ್ಕಳೇ. ಆದರೆ ಅದೇ ಹಳೆಯ ಮೇಲ್ತೊಟ್ಟಿಯಿಂದ ಅಲ್ಲಿಗೂ ಸಂಪರ್ಕ ಕೊಟ್ಟ ಮೇಲೆ ನಮ್ಮ ದಿಬ್ಬದ ಮನೆಗಳಿಗೆ ನೀರು ಏರುತ್ತಿಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲಿ ದಿನವಿಡೀ ನೀರು ಕೊಡಲು ಕೊಳವೆಜಾಲವನ್ನೇ ಹೊಸದಾಗಿ ಹಾಕಿದ್ದರು. ನಲ್ಲಿ ಕಂದಾಯ ಹೆಚ್ಚಿಸಲಿ, ಕೊಡುತ್ತೇನೆ. ಕೊಳವೆ ಬದಲಾಗುವವರೆಗೆ ಮುಂದಿನ ಬಡಾವಣೆಗೆ ಅನುಮತಿ ಮಾತ್ರ ಬೇಡ.