ಹುರುಳಿಯಾ, ತೌಡಾ, ತೆಂಗಿನ ಹಿಂಡಿಯಾ? ಬಡಕಲು ಕುದುರೆಗೆ ಮೈ ಬರಿಸಿದ ಆರು ತಿಂಗಳು

ಟೈಲರ್ ಟೇಪಿನ ಉದ್ದ 150 ಸೆಂಟಿಮೀಟರ್. ಕಳೆದ ನವೆಂಬರಿನಲ್ಲಿ ಮೋತಿಯ ಎದೆಗೆ ಅದನ್ನು ಸುತ್ತಿದಾಗ ಇನ್ನೂ ಒಂದು ಸೆಂಟಿಮೀಟರ್ ಉಳಿದಿತ್ತು. ಪಕ್ಕೆಲುಬುಗಳನ್ನು ರಸ್ತೆಯಲ್ಲಿ ನಿಂತೇ ಎಣಿಸಬಹುದಿತ್ತು. ಸೊಂಟದ ಮೂಳೆಯ ಮೇಲೆ ಬೈರಾಸು ಒಣಗಿಸಬಹುದು ಎಂದಳು ನನ್ನ ಹೆಂಡತಿ.

ಮೋತಿ ಬೀಚಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿರುಗುತ್ತಿದ್ದ ಹೆಣ್ಣು ಕುದುರೆ. ವಯಸ್ಸು 14 ಇರಬಹುದು ಎಂದು ಡಾಕ್ಟರ ಅಂದಾಜು. ಸಾಕಿದವರಿಗೆ ಸಾಕಾಗಿತ್ತು. ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರ ನಮ್ಮದೊಂದು ಸಣ್ಣ ತೆಂಗಿನ ತೋಟ ಇದೆ. ದನ ಮಾರಿದ ಮೇಲೆ ಹಟ್ಟಿ ಖಾಲಿ ಬಿದ್ದಿತ್ತು. ಮಗಳು ಹಠ ಹಿಡಿದಳು, ನಾನು ಸೋತೆ.

ಕುದುರೆ ಬಂದ ಎರಡನೇ ದಿನದಿಂದಲೇ ಸಲಹೆಗಳ ಸುರಿಮಳೆ. ಪಕ್ಕದ ಮನೆಯ ಮಾವ ಕಂಬಳದ ಕೋಣ ಸಾಕುವವರು. ಬೇಲಿಯಾಚೆಯಿಂದಲೇ "ಕುಡು ಕೊರ್ಲೆ, ಪೂರ ಸರಿ ಆಪುಂಡು" ಎಂದರು. ಹುರುಳಿ ಕೊಡಿ, ಎಲ್ಲ ಸರಿಯಾಗುತ್ತದೆ ಅಂತ. ಅಕ್ಕಿ ಮಿಲ್ಲಿನವರು ತೌಡು ಅಂದರು. ಎಣ್ಣೆ ಮಿಲ್ಲಿನವರು ತೆಂಗಿನ ಹಿಂಡಿ ಅಂದರು. ಬೆಂಗಳೂರಿನಲ್ಲಿ ರೇಸ್ ಕುದುರೆಗಳ ಲಾಯದಲ್ಲಿ ಕೆಲಸ ಮಾಡಿದ್ದ ಗೆಳೆಯ ಫೋನಿನಲ್ಲಿ "ಸುಮ್ನೆ ಎಣ್ಣೆ ಹಾಕು ಮಾರಾಯ" ಎಂದ. ನಾಲ್ಕನ್ನೂ ಒಂದಾದ ಮೇಲೆ ಒಂದು ಮಾಡಿ ನೋಡಿದೆ.

ಕುದುರೆಯನ್ನು ತೂಗುವ ತಕ್ಕಡಿ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಅದಕ್ಕೊಂದು ಲೆಕ್ಕ ಇದೆ. ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಹಿಂಭಾಗದ ಮೂಳೆಯ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಬೇಕು. ಸೆಂಟಿಮೀಟರಿನಲ್ಲಿ ಅಳೆದರೆ ಕಿಲೋದಲ್ಲಿ ಅಂದಾಜು ತೂಕ ಸಿಗುತ್ತದೆ. ಮೋತಿಯ ಉದ್ದ 138, ಸುತ್ತಳತೆ 149. ಅಂದರೆ 258 ಕಿಲೋ. ಮೈಕಟ್ಟಿಗೂ ಅಂಕ ಕೊಡುವ ಪದ್ಧತಿ ಇದೆ. ಡಾನ್ ಹೆನ್ನೆಕೆ ಎಂಬ ಅಮೆರಿಕದವರು 1983ರಲ್ಲಿ ಪ್ರಕಟಿಸಿದ್ದು. 1 ಅಂದರೆ ಮೂಳೆ ಚಕ್ಕಳ, 9 ಅಂದರೆ ಕೊಬ್ಬಿದ್ದು, 5 ಹದ. ಮೋತಿಗೆ ಡಾಕ್ಟ್ರು 2 ಕೊಟ್ಟರು.

ಕೊಟ್ಟವರೇ ಇನ್ನೊಂದು ಮಾತನ್ನೂ ಹೇಳಿದರು: "ಈಗಲೇ ಏನೂ ಹಾಕಬೇಡಿ. ಬಾಯಿ ನೋಡುವ ಮೊದಲು." ಗೋದಲಿಯ ಕೆಳಗೆ ಹಸಿರು ಉಂಡೆಗಳು ಬಿದ್ದಿದ್ದವು. ಎಲೆಯಡಿಕೆ ಜಗಿದು ಉಗಿದ ಹಾಗೆ, ಹೆಬ್ಬೆರಳಿನಷ್ಟು ದಪ್ಪ. ನಾನು ಸೆಗಣಿ ಇರಬೇಕು ಅಂದುಕೊಂಡಿದ್ದೆ. ಅದು ಅರ್ಧ ಜಗಿದು ಬಾಯಿಂದ ಬಿಟ್ಟ ಹುಲ್ಲು. ಕುದುರೆಯ ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಮೇಲಿನ ದವಡೆ ಹಲ್ಲುಗಳ ಹೊರ ಅಂಚು ಸವೆಯದೆ ಕತ್ತಿಯ ಹಾಗೆ ಬೆಳೆದು ಕೆನ್ನೆ ಕೊಯ್ಯುತ್ತದೆ. ಉದ್ದ ಹಿಡಿಯ ಅರ ತಂದು ಅದನ್ನು ಉಜ್ಜಿ ಸರಿಮಾಡಿದರು. ಸೆಗಣಿ ಪರೀಕ್ಷೆ ಮಾಡಿಸಿ ಹುಳದ ಔಷಧ ಕೊಟ್ಟರು. ಆಮೇಲೆ ಮೂರು ವಾರ ಬರೀ ಹುಲ್ಲು, ನೀರು, ದಿನಕ್ಕೆ ಸುಮಾರು 25 ಗ್ರಾಂ ಉಪ್ಪು. ಸುತ್ತಳತೆ 151ಕ್ಕೆ ಬಂತು. 265 ಕಿಲೋ. ಮೂರು ವಾರದಲ್ಲಿ ಏಳು ಕಿಲೋ, ಒಂದು ಕಾಳೂ ಹಾಕದೆ! ಮುಂದೆ ಕೊಟ್ಟ ಯಾವ ಆಹಾರವೂ ಈ ವೇಗ ಮುಟ್ಟಲಿಲ್ಲ. ಹಾಗಾಗಿ ಕೆಳಗಿನ ಹೋಲಿಕೆಯನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಹುಲ್ಲಿನದ್ದೂ ಒಂದು ಜಗಳ ಇದೆ. ಕುದುರೆಗೆ ಮೈತೂಕದ ನೂರಕ್ಕೆ ಎರಡರಷ್ಟಾದರೂ ಒಣ ಲೆಕ್ಕದಲ್ಲಿ ಮೇವು ಬೇಕು. ಮೋತಿಗೆ ದಿನಕ್ಕೆ ಐದು ಕಿಲೋ ಚಿಲ್ಲರೆ. ಹಸಿ ಹುಲ್ಲಾದರೆ ಮುಕ್ಕಾಲು ಪಾಲು ನೀರೇ, ಆದ್ದರಿಂದ 20 ಕಿಲೋ ಮೇಲೆ ಕೊಯ್ಯಬೇಕು. ಬೈಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಬಾವಿಯ ಹತ್ತಿರ ನೇಪಿಯರ್ ಹುಲ್ಲು ಸೊಂಪಾಗಿ ಬೆಳೆದಿತ್ತು, ಆದರೆ ಅದರಲ್ಲಿ ಆಕ್ಸಲೇಟ್ ಜಾಸ್ತಿ. ಅದು ಸುಣ್ಣದ ಅಂಶವನ್ನು (ಕ್ಯಾಲ್ಸಿಯಂ) ಹಿಡಿದಿಟ್ಟು ಮೈಗೆ ಹತ್ತದ ಹಾಗೆ ಮಾಡುತ್ತದೆ. ದನ ತಡೆದುಕೊಳ್ಳುತ್ತದೆ. ಕುದುರೆಗೆ ಬರೀ ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಮುಖದ ಮೂಳೆ ಊದಿಕೊಳ್ಳುತ್ತದೆ. ತೋಟದ ಹುಲ್ಲು ಹೆಚ್ಚು, ನೇಪಿಯರ್ ಸ್ವಲ್ಪ, ಜೊತೆಗೆ ಘಟ್ಟದ ಮೇಲಿಂದ ಬರುವ ಒಣಗಿಸಿದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ದಿನಕ್ಕೆ ಒಂದು ಕಿಲೋ. ಆರು ತಿಂಗಳೂ ಇದನ್ನು ಬದಲಿಸಲಿಲ್ಲ.

ಮೊದಲು ಹುರುಳಿ. ಇಂಗ್ಲಿಷಿನಲ್ಲಿ ಅದರ ಹೆಸರೇ ಹಾರ್ಸ್ ಗ್ರಾಂ ಅಲ್ವಾ, ಇನ್ನೇನು ಬೇಕು? ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಂಡೆಯಲ್ಲಿ ಬೆರಳಿಗೆ ಹಿಸುಕುವಷ್ಟು ಬೇಯಿಸುತ್ತಿದ್ದೆ. ಹಸಿ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಇದೆ, ಬೆಂದರೆ ಅದು ಹೋಗುತ್ತದೆ. ಒಣ ಲೆಕ್ಕದಲ್ಲಿ ದಿನಕ್ಕೆ ಒಂದು ಕಿಲೋ, ಮೂರು ಹೊತ್ತಿಗೆ ಹಂಚಿ. ಮಾವನಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. ಕುದುರೆಗೆ ಒಂದು ಕಿಲೋ ಅಂದರೆ ಕೋಳಿಗೆ ಹಾಕಿದ ಹಾಗೆ ಎಂದರು.

ಆದರೆ ಕೋಣ ಬೇರೆ, ಕುದುರೆ ಬೇರೆ. ಕೋಣನ ಹೊಟ್ಟೆಯಲ್ಲಿ ಹುಳಿಯುವ ಕೆಲಸ ಮೊದಲೇ ಆಗುತ್ತದೆ. ಕುದುರೆಗೆ ಅದು ಕೊನೆಯಲ್ಲಿ, ಹಿಂಗರುಳಿನಲ್ಲಿ. ಒಂದೇ ಸಲ ಪಿಷ್ಟ ಜಾಸ್ತಿ ಹೋದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಅಲ್ಲಿಗೆ ತಲುಪಿ, ಗ್ಯಾಸ್ ತುಂಬಿ ಹೊಟ್ಟೆನೋವು ಬರುತ್ತದೆ. ಕುದುರೆಗೆ ವಾಂತಿ ಮಾಡಲಿಕ್ಕೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಮದುವೆಗೆ ಹೋಗುವ ಗಡಿಬಿಡಿಯಲ್ಲಿ ಮೂರು ಹೊತ್ತಿನದನ್ನು ಒಟ್ಟಿಗೇ ಸುರಿದು ಹೋದೆ. ಸಂಜೆ ಬಂದಾಗ ಮೋತಿ ಮುಂಗಾಲಿನಿಂದ ನೆಲ ಕೆರೆಯುತ್ತಾ, ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿದ್ದಳು. ಮೇಲ್ತುಟಿ ಎತ್ತಿಕೊಂಡು ಬೆವರುತ್ತಿದ್ದಳು. ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ಟರು. ರಾತ್ರಿ ಒಂದೂವರೆವರೆಗೆ ನಾನೂ ಮಗಳೂ ಅಂಗಳದಲ್ಲಿ ನಿಧಾನ ನಡೆಸಿದೆವು. ಕೊನೆಗೆ ಸೆಗಣಿ ಹಾಕಿದಳು. ಸೆಗಣಿ ಕಂಡು ಅಷ್ಟು ಖುಷಿಪಟ್ಟದ್ದು ಜೀವನದಲ್ಲೇ ಇಲ್ಲ. ಮಗಳು ಮಾತ್ರ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಐದು ವಾರದ ಹುರುಳಿಗೆ ಸಿಕ್ಕಿದ್ದು 153 ಸೆಂಟಿಮೀಟರ್, 272 ಕಿಲೋ. ಬೆನ್ನಿನ ಮೇಲೆ ಮಾಂಸ ಕೂತಿತು, ಅದು ಕಣ್ಣಿಗೇ ಕಾಣುತ್ತಿತ್ತು. ಹುರುಳಿಯಲ್ಲಿ ಪ್ರೋಟೀನ್ ನೂರಕ್ಕೆ 22ರ ಹತ್ತಿರ, ಕೊಬ್ಬು ಇಲ್ಲವೆನ್ನುವಷ್ಟು ಕಮ್ಮಿ. ಹಾಗಾಗಿ ಪಕ್ಕೆಲುಬು ಅಲ್ಲೇ ಉಳಿಯಿತು. ಹಟ್ಟಿಯಲ್ಲಿ ಮೂತ್ರದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಮೈಗೆ ಬೇಡದ ಪ್ರೋಟೀನ್ ಹೋಗುವ ದಾರಿ ಅದೇ. ಸೌದೆ, ಹೊಗೆ, ಮಧ್ಯಾಹ್ನಕ್ಕೇ ಹಳಸುವ ಕಾಟ ಬೇರೆ.

ತೌಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಣ್ಣೆ ತೆಗೆಯದ ತೌಡಿನಲ್ಲಿ ಕೊಬ್ಬು ಚೆನ್ನಾಗಿದೆ. ಮೋತಿ ಬಕೆಟ್ ನೆಕ್ಕಿ ತಿಂದಳು. ಆದರೆ ಅದರ ಕೊಬ್ಬು ಬಹಳ ಬೇಗ ಕೆಡುತ್ತದೆ. ನಮ್ಮ ಸೆಕೆಗೆ ವಾರದೊಳಗೆ ಹಳೇ ಎಣ್ಣೆಯ ಕಮಟು ವಾಸನೆ. ಇನ್ನೊಂದು ತೊಂದರೆ, ಅದರಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ತೀರಾ ಕಮ್ಮಿ. ನೇಪಿಯರ್ ಜೊತೆ ಸೇರಿದರೆ ಮೂಳೆಗೆ ಎರಡು ಕಡೆಯಿಂದ ಪೆಟ್ಟು. ಡಾಕ್ಟ್ರು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸೇರಿಸಲು ಹೇಳಿದರು. (ಎಲೆಯಡಿಕೆಯ ಸುಣ್ಣ ಹಾಕಿದರೆ ಆಗದಾ ಎಂದು ಕೇಳಿದವರಿದ್ದಾರೆ. ದಮ್ಮಯ್ಯ, ಬೇಡ. ಬಾಯಿ, ಗಂಟಲು ಸುಟ್ಟುಹೋಗುತ್ತದೆ.) ಮೂರು ವಾರಕ್ಕೆ ಒಂದು ಸೆಂಟಿಮೀಟರ್ ಏರಿತು. ಉಳಿದ ಅರ್ಧ ಗೋಣಿ ತೆಂಗಿನ ಬುಡಕ್ಕೆ ಹೋಯಿತು.

ತೆಂಗಿನ ಹಿಂಡಿಯನ್ನು ಮೋತಿ ಮೊದಲ ನಾಲ್ಕು ದಿನ ಮೂಸಿಯೂ ನೋಡಲಿಲ್ಲ. ಬಕೆಟನ್ನು ಮೂತಿಯಿಂದ ತಳ್ಳಿ ಬೀಳಿಸಿದಳು. ಐದನೇ ದಿನ ಒಂದು ಮುಷ್ಟಿ ಹಿಂಡಿಯನ್ನು ನೆನೆಸಿ, ನಿಂಬೆ ಗಾತ್ರದ ಬೆಲ್ಲ ಕರಗಿಸಿ ಕೊಟ್ಟೆ. ತಿಂದಳು. ಎರಡು ವಾರದಲ್ಲಿ ನಿಧಾನವಾಗಿ ದಿನಕ್ಕೆ 1.2 ಕಿಲೋವರೆಗೆ ಏರಿಸಿದೆ, ಬೆಲ್ಲ ಬಿಟ್ಟೆ. ಒಂದು ಗಂಟೆ ನೀರಲ್ಲಿಟ್ಟರೆ ಹಿಂಡಿ ಉಬ್ಬಿ ಪುಟ್ಟುವಿನ ಹಾಗೆ ಉದುರು ಉದುರಾಗುತ್ತದೆ. ಬೇಯಿಸುವ ರಗಳೆ ಇಲ್ಲ. ಮಿಲ್ಲಿನಲ್ಲಿ ಒತ್ತಿದ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿದಿರುತ್ತದೆ, ಪ್ರೋಟೀನ್ ನೂರಕ್ಕೆ 20ರ ಹತ್ತಿರ, ಪಿಷ್ಟ ಮಾತ್ರ ಬಹಳ ಕಮ್ಮಿ. ಹೊಟ್ಟೆನೋವಿನ ರಾತ್ರಿ ನೋಡಿದವನಿಗೆ ಆ ಕೊನೆಯ ಮಾತೇ ಸಾಕು. ಎಂಟು ವಾರಕ್ಕೆ 154ರಿಂದ 158. ಅಂದರೆ 275ರಿಂದ 290 ಕಿಲೋ. ಪಕ್ಕೆಲುಬು ಕಾಣುವುದು ನಿಂತಿತು, ಕೈಯಾಡಿಸಿದರೆ ಮಾತ್ರ ಸಿಗುತ್ತಿತ್ತು. ಟೈಲರ್ ಟೇಪಿಗೆ ಅಷ್ಟು ಹೊತ್ತಿಗೆ ಸೆಣಬಿನ ದಾರ ಗಂಟು ಹಾಕಿಯಾಗಿತ್ತು.

ಕೊನೆಯ ಐದು ವಾರ ಹಿಂಡಿಯ ಜೊತೆ ಎಣ್ಣೆ. ತೆಂಗಿನೆಣ್ಣೆಯ ರೇಟಿಗೆ ಹೆದರಿ ಸೂರ್ಯಕಾಂತಿ ಎಣ್ಣೆ ತಂದೆ. ಕುದುರೆಗೆ ಪಿತ್ತಕೋಶವೇ ಇಲ್ಲ, ಆದರೂ ಎಣ್ಣೆಯನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ನಿಧಾನವಾಗಿ ಅಭ್ಯಾಸ ಮಾಡಿಸಬೇಕು ಅಷ್ಟೇ. ನಾನು ಮೊದಲ ವಾರವೇ 150 ಮಿಲಿಗೆ ಹಾರಿದೆ, ಸೆಗಣಿ ನೀರಾಯಿತು. ಮತ್ತೆ 30 ಮಿಲಿಯಿಂದ ಶುರುಮಾಡಿ 200ಕ್ಕೆ ನಿಲ್ಲಿಸಿದೆ. ಎಣ್ಣೆ ಜಾಸ್ತಿ ಕೊಡುವಾಗ ವಿಟಮಿನ್ ಇ ಕೂಡ ಬೇಕು, ಅದನ್ನು ಡಾಕ್ಟ್ರು ಬರೆದುಕೊಟ್ಟರು. ಮೈ ಮಿರಿಮಿರಿ ಮಿಂಚಿತು. ಏಪ್ರಿಲ್ ಕೊನೆಗೆ 160 ಸೆಂಟಿಮೀಟರ್, 297 ಕಿಲೋ. ಬೇರೇನೂ ಇಲ್ಲದೆ ಬರೀ ಎಣ್ಣೆಯಿಂದ ಮೈ ಬರಿಸಲು ನಾನು ಹೋಗುವುದಿಲ್ಲ. ಅದರಲ್ಲಿ ಪ್ರೋಟೀನ್ ಇಲ್ಲ, ಬೆನ್ನು ಬೋಳಾಗಿಯೇ ಉಳಿಯುತ್ತದೆ.

ಹಾಗಾಗಿ ನನ್ನ ಓಟು ಹಿಂಡಿಗೆ, ಮೇಲಿನಿಂದ ಸ್ವಲ್ಪ ಎಣ್ಣೆ. ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಜೂನ್ ಬಂತು. ನಮ್ಮ ಮಳೆ ಗೊತ್ತಲ್ಲ. ಗೋಣಿಯ ತಳದಲ್ಲಿ ಹಿಂಡಿಗೆ ಹಸಿರು-ಕಪ್ಪು ಬೂಸ್ಟು ಬಂತು. ಬೂಸ್ಟು ಹಿಡಿದ ಹಿಂಡಿಯಲ್ಲಿ ಪಿತ್ತಜನಕಾಂಗ ಕೆಡಿಸುವ ಅಫ್ಲಾಟಾಕ್ಸಿನ್ ಇರಬಹುದು, ಮೇಲಿನದ್ದನ್ನು ಕೆರೆದು ಕೊಡುವ ಆಟ ಬೇಡ. ಇಡೀ ಗೋಣಿ ಬಿಸಾಡಿದೆ. ಮಿಲ್ಲಿನಿಂದ ಹತ್ತು ದಿನಕ್ಕಾಗುವಷ್ಟೇ ತರುತ್ತಿದ್ದೆ, ಅದಕ್ಕೂ ಒಮ್ಮೊಮ್ಮೆ ಬಿಸಿಲು ಬೇಕು. ಬಿಸಿಲು ಎಲ್ಲಿ? ಡಬ್ಬಿಯಲ್ಲಿ ಮುಚ್ಚಿಟ್ಟ ಹುರುಳಿ ಮಾತ್ರ ಕಲ್ಲಿನ ಹಾಗೆ ಕೂತಿತ್ತು.

ಜುಲೈಯಲ್ಲಿ ಅರ್ಧ ಹಿಂಡಿ, ಅರ್ಧ ಹುರುಳಿ ಮಾಡಿದೆ. ಸುತ್ತಳತೆ 159ರಲ್ಲೇ ನಿಂತಿದೆ. ಒಂದು ಬೆಳಿಗ್ಗೆ ಹಂಡೆಯ ಹೊಗೆ ನೋಡಿ ಮಾವ ಕೊಡೆ ಹಿಡಿದು ಬಂದರು. ಮುಚ್ಚಳ ತೆಗೆದು ನೋಡಿದರು. "ನಾನು ಹೇಳಿರಲಿಲ್ವಾ?" ಎಂದರು. ಎಷ್ಟು ಅಂತ ಕೇಳಿದರು. ದಿನಕ್ಕೆ ಅರ್ಧ ಕಿಲೋ ಎಂದೆ. ಮುಚ್ಚಳ ಹಾಕಿ, ಮೋತಿಯ ಬೆನ್ನು ಒಮ್ಮೆ ತಟ್ಟಿ, ಕೋಳಿ ಸಾಕುವವನ ಹತ್ತಿರ ಏನು ಮಾತು ಎನ್ನುವ ಹಾಗೆ ಹೊರಟುಹೋದರು.