ಪದ್ಮಿನಿಗೆ ಮೂರು ಎಂಜಿನ್: ಓಡಿಸಿ ಕಂಡ ಹೋಲಿಕೆ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1978ರ ಗಾಡಿ. ತಂದೆಯವರು ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದಾಗ ಕೊಂಡದ್ದು. ಅದನ್ನು ಮಾರುವ ಮನಸ್ಸಿಲ್ಲ. ಹಾಗೆಂದು ಶೆಡ್ಡಿನಲ್ಲಿ ಮುಚ್ಚಿಡುವ ಮನಸ್ಸೂ ಇಲ್ಲ. ದಿನವೂ ಓಡಬೇಕು ಎಂದ ಮೇಲೆ ಯಾವ ಎಂಜಿನ್ ಇರಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೂಲ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿ ಕಟ್ಟಿಸಿ ಎರಡು ವರ್ಷ ಓಡಿಸಿದೆ. 2011ರಲ್ಲಿ ಅದನ್ನು ಇಳಿಸಿ ಪ್ರೀಮಿಯರ್ 118 ಎನ್‌ಇ ಕಾರಿನ ನಿಸ್ಸಾನ್ ಎಂಜಿನ್ ಕೂರಿಸಿದೆ. ಚಿತ್ರದುರ್ಗದಲ್ಲಿರುವ ಚಿಕ್ಕಪ್ಪನ ಮಗ ಅದಕ್ಕೂ ಎರಡು ವರ್ಷ ಮೊದಲೇ ತನ್ನ ಪದ್ಮಿನಿಗೆ ಮಾರುತಿ ಜಿಪ್ಸಿಯ ಎಂಜಿನ್ ಹಾಕಿಸಿದ್ದ. ಮೂರನ್ನೂ ದಾವಣಗೆರೆ–ಚಿತ್ರದುರ್ಗದ ಹೆದ್ದಾರಿಯಲ್ಲಿ, ಜೋಗಿಮಟ್ಟಿಯ ಏರಿನಲ್ಲಿ ನಾನೇ ಓಡಿಸಿದ್ದೇನೆ. ಕೆಳಗಿನ ಹೋಲಿಕೆ ಆ ಅನುಭವದ್ದು.

ಮೂಲದ ಫಿಯಟ್ ಎಂಜಿನ್ 1089 ಸಿಸಿಯದು. ಸಿಲಿಂಡರಿನ ವ್ಯಾಸ 68 ಮಿ.ಮೀ., ಪಿಸ್ಟನ್ ಓಡುವ ಉದ್ದ, ಅಂದರೆ ಸ್ಟ್ರೋಕ್, 75 ಮಿ.ಮೀ. ಉದ್ದನೆಯ ಸ್ಟ್ರೋಕಿನ ಎಂಜಿನ್ ಆದ್ದರಿಂದ ಕಡಿಮೆ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಪಿ.ಬಿ. ರಸ್ತೆಯ ಸಂಜೆಯ ದಟ್ಟಣೆಯಲ್ಲಿ ಮೂರನೆಯ ಗೇರಿನಲ್ಲೇ ತೆವಳಿಕೊಂಡು ಹೋಗಬಹುದು. ಆದರೆ ಪಿಸ್ಟನ್ನುಗಳ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್ ದಂಡಕ್ಕೆ ಆಧಾರವಾಗಿ ಇರುವುದು ಮೂರೇ ಮೇನ್ ಬೇರಿಂಗ್. ಗಂಟೆಗೆ 70 ಕಿ.ಮೀ. ದಾಟಿತೆಂದರೆ ಅದರ ಗೋಳು ಪೆಡಲಿನ ಮೂಲಕ ಅಂಗಾಲಿಗೇ ತಿಳಿಯುತ್ತದೆ. ಬೋರಿಂಗ್, ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲವನ್ನೂ ಮಾಡಿಸಿದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಹಳೆಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದೆ. ಡೈನಮೊ ಬದಲಿಗೆ ಆಲ್ಟರ್ನೇಟರ್ ಬಂದ ಮೇಲೆ ಗಾಡಿ ನಿಂತಾಗ ದೀಪ ಮಂಕಾಗುವುದು ತಪ್ಪಿತು. ಇವೆರಡರಿಂದ ಸಿಕ್ಕ ನೆಮ್ಮದಿ, ಪಿಸ್ಟನ್ ಬದಲಿಸಿದ್ದರಿಂದ ಸಿಕ್ಕ ಶಕ್ತಿಗಿಂತ ದೊಡ್ಡದು. ಹಾಗಿದ್ದೂ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಭರಮಸಾಗರದ ಬಳಿ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಹೋಗುತ್ತಿತ್ತು. ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಕಾಲು ಗಂಟೆ ಕಾಯುವುದು ನನಗೆ ರೂಢಿಯಾಯಿತು, ಹಿಂದಿನ ಸೀಟಿನಲ್ಲಿ ಕುಳಿತ ಅಮ್ಮನಿಗೆ ಆಗಲಿಲ್ಲ. ಬಿಡಿಭಾಗಗಳ ಮಾತೂ ಇದೆ. ಮುಂಬೈನ ಕಪ್ಪು–ಹಳದಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಸಾಮಾನು ಹೇಗೋ ಸಿಗುತ್ತಿತ್ತು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು.

ನಿಸ್ಸಾನ್ ಎ12 ಎಂಜಿನ್ 1171 ಸಿಸಿ. ವ್ಯಾಸ 73, ಸ್ಟ್ರೋಕ್ 70 ಮಿ.ಮೀ. ಹಿಗ್ಗಿದ್ದು ಬರೀ 82 ಸಿಸಿ, ಆದರೆ ಸ್ಟ್ರೋಕ್ ಗಿಡ್ಡ, ಮೇನ್ ಬೇರಿಂಗ್ ಐದು. 40ರ ಆಸುಪಾಸಿನಲ್ಲಿದ್ದ ಅಶ್ವಶಕ್ತಿ 52ಕ್ಕೆ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, 80–85ರ ವೇಗದಲ್ಲಿ ಎಂಜಿನ್ ದಣಿಯದೆ ಓಡುತ್ತದೆ. ಕಾರ್ಬುರೇಟರಿನ ಎಂಜಿನ್ ಆದ್ದರಿಂದ ಹಳೆಯ ವೈರಿಂಗನ್ನು ಹೆಚ್ಚು ಕದಲಿಸಬೇಕಾಗಲಿಲ್ಲ. ನಮ್ಮೂರಿನ ಯಾವ ಮೆಕ್ಯಾನಿಕ್ ಆದರೂ ಕೈ ಹಾಕಬಲ್ಲ.

ಕಷ್ಟವಿದ್ದದ್ದು ಎಂಜಿನ್ ಕೂರಿಸುವುದರಲ್ಲಲ್ಲ, ಅದರ ಹಿಂದೆ. ನಿಸ್ಸಾನ್ ಗೇರ್‌ಬಾಕ್ಸನ್ನೂ ಜೊತೆಗೇ ತಂದಿದ್ದರಿಂದ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ ಬದಲಿಸಬೇಕಾಯಿತು. ಹರಿಹರದಲ್ಲಿ ತಯಾರಾದ ಹಳೆಯ ಮೈಸೂರು ಕಿರ್ಲೋಸ್ಕರ್ ಲೇತಿನ ಮೇಲೆ ಫ್ಲೇಂಜ್ ಕಡೆಸಿ, ಶಾಫ್ಟ್ ಕತ್ತರಿಸಿ ಬೆಸೆದು, ಬ್ಯಾಲೆನ್ಸ್ ಮಾಡಿಸಿದೆವು. ಆದರೂ 60ರಿಂದ 65ರ ನಡುವೆ ನೆಲದ ಹಲಗೆ ಗುಂಯ್ ಎನ್ನುತ್ತಿತ್ತು. ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ಕೋನಮಾಪಕ ಹಿಡಿದು ನೋಡಿದಾಗ, ಗೇರ್‌ಬಾಕ್ಸ್ ಕಡೆಯ ಜಾಯಿಂಟಿನ ಕೋನಕ್ಕೂ ಹಿಂದಿನ ಅಚ್ಚಿನ ಡಿಫರೆನ್ಷಿಯಲ್ ಕಡೆಯ ಕೋನಕ್ಕೂ ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿತ್ತು. ಎರಡು ತುದಿಯ ಕೋನಗಳು ಸಮನಾಗಿದ್ದರೆ ಒಂದು ಜಾಯಿಂಟ್ ಹುಟ್ಟಿಸುವ ವೇಗದ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಸಮನಿಲ್ಲದಿದ್ದರೆ ಶಾಫ್ಟ್ ಪ್ರತಿ ಸುತ್ತಿನಲ್ಲೂ ಎರಡು ಸಲ ಎಳೆದಾಡುತ್ತದೆ. ಗೇರ್‌ಬಾಕ್ಸಿನ ಮೌಂಟಿಂಗ್ ಕೆಳಗೆ ಮೊದಲು 4, ಆಮೇಲೆ 6 ಮಿ.ಮೀ. ದಪ್ಪದ ಪಟ್ಟಿ ಇಟ್ಟು ನೋಡಿದಾಗ ಸದ್ದು ಅಡಗಿತು. ಎಂಜಿನ್ ಬದಲಿಸುವವರು ಅಶ್ವಶಕ್ತಿಯ ಲೆಕ್ಕ ಕೇಳುವ ಮೊದಲು ಈ ಕೋನದ ಲೆಕ್ಕ ಕೇಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಳೆದುಕೊಂಡದ್ದೂ ಇದೆ. ಸ್ಟೀರಿಂಗ್ ಪಕ್ಕದಲ್ಲಿದ್ದ ಗೇರ್ ನೆಲಕ್ಕೆ ಇಳಿಯಿತು. ಮುಂದಿನ ಉದ್ದ ಸೀಟಿನ ನಡುವೆ, ತಂದೆಯವರ ಪಕ್ಕದಲ್ಲಿ, ಚಿಕ್ಕಂದಿನಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಗೇರಿನ ಕೋಲು ನಿಂತಿದೆ.

ಜಿಪ್ಸಿಯ ಜಿ13ಬಿಬಿ ಎಂಜಿನ್ 1298 ಸಿಸಿಯದು, ಅಲ್ಯೂಮಿನಿಯಂ ಬ್ಲಾಕ್, 16 ವಾಲ್ವ್, 80 ಅಶ್ವಶಕ್ತಿ. ಸುಮಾರು 900 ಕೆ.ಜಿ. ತೂಕದ ಗಾಡಿಗೆ ಇದು ಮೂಲದ ಇಮ್ಮಡಿ ಶಕ್ತಿ. ನನ್ನ ಗಾಡಿ ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತಾ ಹತ್ತುವ ಜೋಗಿಮಟ್ಟಿಯ ಏರನ್ನು ತಮ್ಮನ ಗಾಡಿ ಮೂರನೆಯದರಲ್ಲಿ ಹತ್ತುತ್ತದೆ. ಐದನೆಯ ಗೇರ್ ಇರುವುದರಿಂದ ಹೆದ್ದಾರಿಯಲ್ಲಿ 90ರ ವೇಗದಲ್ಲೂ ಮಾತು ಕೇಳಿಸುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವುದರಿಂದ ಡಿಸೆಂಬರಿನ ಬೆಳಗಿನಲ್ಲಿ ಚೋಕ್ ಎಳೆಯುವ ಕೆಲಸವಿಲ್ಲ. ಎಂಜಿನ್ನನ್ನಷ್ಟೇ ತೂಗಿದರೆ ಇದಕ್ಕೆ ಸಾಟಿಯಿಲ್ಲ.

ಆದರೆ ಇಂಜೆಕ್ಷನ್ ಎಂಜಿನ್ ಒಂಟಿಯಾಗಿ ಬರುವುದಿಲ್ಲ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ಸೆನ್ಸರುಗಳು, ಒತ್ತಡ ಕೊಡುವ ವಿದ್ಯುತ್ ಪಂಪ್, ಹಿಂದಿರುಗುವ ಪೆಟ್ರೋಲಿಗೆ ಬೇರೆ ಪೈಪ್, ಇವೆಲ್ಲ ಹಳೆಯ ಬಾಡಿಯೊಳಗೆ ಜಾಗ ಕೇಳುತ್ತವೆ. ಪದ್ಮಿನಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕೆಳಗಿಳಿದಾಗ ತಿರುವಿನಲ್ಲಿ ಪಂಪ್ ಗಾಳಿ ಎಳೆದುಕೊಂಡು ಎಂಜಿನ್ ಮುಗ್ಗರಿಸುತ್ತಿತ್ತು. ಟ್ಯಾಂಕಿಗೂ ಪಂಪಿಗೂ ನಡುವೆ ಒಂದು ಲೀಟರಿನ ಸಣ್ಣ ಡಬ್ಬಿ ಕೂರಿಸಿದ ಮೇಲೆ ಸರಿಹೋಯಿತು. ಇನ್ನೊಂದು ದೋಷ ಹಿಡಿಯಲು ಎರಡು ತಿಂಗಳು ಬೇಕಾಯಿತು. ಮಳೆ ಬಂದ ದಿನ ಎಂಜಿನ್ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಇಸಿಯು ಬದಲಾಯಿತು, ಸೆನ್ಸರ್ ಬದಲಾಯಿತು. ಕೊನೆಗೆ ನೋಡಿದರೆ ಅರ್ಥ್ ತಂತಿಯನ್ನು ಬಣ್ಣ ಕೆರೆಯದೆ ಬಾಡಿಯ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದರು. ಬೋಲ್ಟಿನ ಅಂಚಿನಲ್ಲಿ ಹಸಿರು ಕಿಲುಬು ಕಟ್ಟಿತ್ತು.

ಬ್ರೇಕಿನ ಮಾತಿಗೆ ಬರುತ್ತೇನೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್. ಮೊದಲ ದಿನವೇ ನಮ್ಮ ಮೇಸ್ತ್ರಿ, "ಸರ, ಎಂಜಿನ್ ಯಾವ್ದಾದ್ರೂ ಹಾಕೋಣ, ಮೊದ್ಲು ಮುಂದಿನ ಗಾಲಿಗೆ ಡಿಸ್ಕ್ ಹಾಕಿಸ್ರಿ" ಎಂದಿದ್ದ. ನಾನು ಹಾಗೆಯೇ ಮಾಡಿದೆ, ಬ್ರೇಕ್ ಒತ್ತಲು ನೆರವಾಗುವ ಬೂಸ್ಟರನ್ನೂ ಸೇರಿಸಿದೆ. ತಮ್ಮ ಒಂದು ವರ್ಷ ತಡ ಮಾಡಿದ. ಆ ವರ್ಷ ಅವನ ಗಾಡಿಯಲ್ಲಿ ಹೆಬ್ಬಾಳು ಟೋಲಿನ ಕಡೆಗೆ ಇಳಿಯುವಾಗ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಡಿಸ್ಕ್ ಬಂದ ಮೇಲೂ ಹಿಂದಿನ ಎಲೆಪಟ್ಟಿ ಸ್ಪ್ರಿಂಗು, ಸ್ಟೀರಿಂಗಿನ ಸಡಿಲು ಹಳೆಯವೇ. 80 ಅಶ್ವಶಕ್ತಿಯನ್ನು ಪೂರ್ತಿ ಬಳಸುವ ಧೈರ್ಯ ಆ ಗಾಡಿ ಕೊಡುವುದಿಲ್ಲ. ನಿಸ್ಸಾನ್ ಎಂಜಿನ್ನಿನ ಶಕ್ತಿ ಪದ್ಮಿನಿಯ ಮೈಗೆ ಒಗ್ಗುವಷ್ಟೇ ಇದೆ. ನನ್ನ ಆಯ್ಕೆ ಅದೇ ಆಗಲು ಇದು ಮುಖ್ಯ ಕಾರಣ.

ಪೆಟ್ರೋಲಿನ ಲೆಕ್ಕದಲ್ಲಿ ದೊಡ್ಡ ಅಂತರವಿಲ್ಲ. ನಮಗೆ ಸಿಕ್ಕಂತೆ ಫಿಯಟ್ ಲೀಟರಿಗೆ 11, ನಿಸ್ಸಾನ್ 13, ಜಿಪ್ಸಿ 12 ಕಿ.ಮೀ.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಎತ್ತಿ ಹಿಡಿಯಿತು. ನಮ್ಮಿಬ್ಬರ ಎಂಜಿನ್ ಸಂಖ್ಯೆಗಳು ಅದಕ್ಕೂ ಮೊದಲೇ ನೋಂದಣಿ ಪತ್ರದಲ್ಲಿ ಸೇರಿವೆ. ಇಂದು ಹೊಸದಾಗಿ ಹೊರಡುವವರು ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆಯದೆ ಎಂಜಿನ್ ಕೊಳ್ಳಲೇಬಾರದು, ಬೇರೆ ಕಂಪನಿಯ ಎಂಜಿನ್ನನ್ನಂತೂ ಕೊಳ್ಳುವ ಯೋಚನೆಯನ್ನೇ ಬಿಡಬೇಕು. ಇದಲ್ಲದೆ 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಗಾಡಿ ವಿಂಟೇಜ್ ಎನಿಸಿಕೊಳ್ಳಬೇಕಾದರೆ ಮೂಲ ರೂಪದಲ್ಲೇ ಇರಬೇಕು. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆದ್ದರಿಂದ 1970ರ ದಶಕದ ಗಾಡಿ ಇರುವವರಿಗೆ, ನನ್ನ ಆಯ್ಕೆಯನ್ನು ಬದಿಗಿಟ್ಟು, ಮೂಲ ಎಂಜಿನ್ನನ್ನೇ ಕಟ್ಟಿಸಿ ಡಿಸ್ಕ್ ಬ್ರೇಕ್ ಮತ್ತು ಆಲ್ಟರ್ನೇಟರಿಗೆ ನಿಲ್ಲಿಸಿ ಎಂದೇ ಹೇಳುತ್ತೇನೆ.

ನಮ್ಮ ಗಾಡಿಗೆ 2028ರಲ್ಲಿ 50 ತುಂಬುತ್ತದೆ. ಇಳಿಸಿದ ಫಿಯಟ್ ಎಂಜಿನ್ ಗೋಣಿತಾಟಿನ ಮೇಲೆ ಶೆಡ್ಡಿನ ಮೂಲೆಯಲ್ಲಿದೆ. ತಿಂಗಳಿಗೊಮ್ಮೆ ಪ್ಲಗ್ಗಿನ ತೂತಿನಲ್ಲಿ ನಾಲ್ಕು ಹನಿ ಎಣ್ಣೆ ಬಿಟ್ಟು, ಪುಲ್ಲಿ ಹಿಡಿದು ಎರಡು ಸುತ್ತು ತಿರುಗಿಸುತ್ತೇನೆ.