ಮೂರು ವರ್ಷ ಬಳಸಿದ ಹೋಮ್ ಥಿಯೇಟರ್ ರಿಸೀವರ್: ಒಂದು ‘ಟಕ್’ ಸದ್ದು ಕೊಟ್ಟ ಕಾಟ

ಸಂಜೆ ಏಳಕ್ಕೆ ಮೊದಲು ಸ್ಟೆಬಿಲೈಸರ್ ಆನ್ ಮಾಡುತ್ತೇನೆ. ನಮ್ಮ ಬೀದಿಯಲ್ಲಿ ಬೇಸಿಗೆ ಬಂದರೆ ವೋಲ್ಟೇಜ್ ಏರಿಳಿತ ಜಾಸ್ತಿ. ಹಸಿರು ದೀಪ ಬಂದ ಮೇಲೆ ರಿಸೀವರ್, ಅಂದರೆ ಟಿವಿಯ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. ನಾಲ್ಕೈದು ಸೆಕೆಂಡ್ ಸುಮ್ನೆ ಇರುತ್ತದೆ. ಆಮೇಲೆ ಒಳಗಿಂದ ‘ಟಕ್’ ಅಂತ ಒಂದು ಸದ್ದು, ಅದರ ಹಿಂದೆಯೇ ವಾರ್ತೆ ಓದುವವರ ದನಿ. ಆ ‘ಟಕ್’ ರಿಲೇಯದ್ದು, ಅಂದರೆ ಒಳಗೆ ತಾನಾಗಿ ಬೀಳುವ ಸ್ವಿಚ್‌ನದ್ದು. ಒಳಗೆಲ್ಲ ಸರಿ ಇದ್ದರೆ ಮಾತ್ರ ಅದು ಸ್ಪೀಕರ್‌ಗಳಿಗೆ ದಾರಿ ಬಿಡುತ್ತದೆ.

ತುಮಕೂರಿನ ಶೆಟ್ಟಿಹಳ್ಳಿ ಕಡೆ ನಮ್ಮ ಮನೆ. ಹಾಲ್ 12ಕ್ಕೆ 14 ಅಡಿ. ಇಷ್ಟಕ್ಕೆ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸಾಕು ಅಂತ 32,000 ರೂಪಾಯಿಗೆ ತಂದೆ.

ಮೊದಲ ತಿಂಗಳು ಹಿಂದಿನ ಎರಡು ಸ್ಪೀಕರ್ ಮಾತೇ ಆಡಲಿಲ್ಲ. ಟಿವಿಯ ಸದ್ದನ್ನು ರಿಸೀವರ್‌ಗೆ ಕಳಿಸುವ, ಎಆರ್‌ಸಿ ಅಂತ ಬರೆದ ಎಚ್‌ಡಿಎಂಐ ಪೋರ್ಟ್‌ಗೇ ಕೇಬಲ್ ಹಾಕಿದ್ದೆ. ಆದರೆ ಟಿವಿಯ ಆಡಿಯೋ ಸೆಟ್ಟಿಂಗ್ ಪಿಸಿಎಂನಲ್ಲಿತ್ತು, ಅಂದರೆ ಟಿವಿಯೇ ಸದ್ದನ್ನು ಬಿಡಿಸಿ ಕಳಿಸುತ್ತಿತ್ತು. ಎಆರ್‌ಸಿಯಲ್ಲಿ ಪಿಸಿಎಂ ಇಟ್ಟರೆ ಎರಡೇ ಚಾನೆಲ್ ಬರುತ್ತದೆ. ಸದ್ದನ್ನು ಬಿಡಿಸದೆ ಹಾಗೇ ರಿಸೀವರ್‌ಗೆ ಕಳಿಸುವ ಬಿಟ್‌ಸ್ಟ್ರೀಮ್‌ಗೆ ಬದಲಾಯಿಸಿದೆ, ಐದೂ ಮಾತಾಡಿದವು.

ನಾನು ನಿರೀಕ್ಷೆ ಮಾಡದೇ ಇದ್ದ ಖುಷಿ ಅಂದರೆ ನಡುವಿನ ಸ್ಪೀಕರ್. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಸಿನಿಮಾದಲ್ಲಿ ಮಾತು ಹೆಚ್ಚಾಗಿ ಬರುವುದು ಸೆಂಟರ್‌ನಿಂದಲೇ. ಅದೊಂದನ್ನೇ 3 ಡೆಸಿಬಲ್ ಏರಿಸಿದೆ. ಹಾಡು, ಹೊಡೆದಾಟದ ಗಲಾಟೆ ಇದ್ದ ಹಾಗೇ ಇದೆ, ಮಾತು ಮಾತ್ರ ಬಿಡಿಸಿಟ್ಟ ಹಾಗೆ ಕೇಳುತ್ತದೆ. ‘ಏನಂದ್ನೋ ಅವನು?’ ಅಂತ ಅಮ್ಮ ಕೇಳುವುದು ಅವತ್ತೇ ನಿಂತುಹೋಯಿತು. ಕೊಟ್ಟ ದುಡ್ಡು ನನ್ನ ಮಟ್ಟಿಗೆ ಅಲ್ಲೇ ವಸೂಲಾಯಿತು.

ಎರಡನೇ ವರ್ಷ ಯುಗಾದಿಗೆ ಮನೆಗೆ ಬಣ್ಣ ಹೊಡೆಸಿ, ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಅಲ್ಲಿಂದ ಶುರುವಾಯಿತು ಕಾಟ. ‘ಟಕ್’ ಅನ್ನುತ್ತಿತ್ತು, ವಾಲ್ಯೂಮ್ ಸ್ವಲ್ಪ ಏರಿಸಿದರೆ ಇನ್ನೊಂದು ‘ಟಕ್’, ಎಲ್ಲ ಬಂದ್. ಡಿಸ್‌ಪ್ಲೇಯಲ್ಲಿ ‘ಪ್ರೊಟೆಕ್ಟ್’. ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋದೆ. ಸ್ಪೀಕರ್, ವೈರ್ ಬಗ್ಗೆ ಒಂದು ಮಾತೂ ಕೇಳದೆ ‘ಆಂಪ್ಲಿಫೈಯರ್ ಬೋರ್ಡ್ ಹೋಗಿದೆ, 11,000 ಆಗುತ್ತೆ’ ಅಂದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆ ಪೆಟ್ಟಿಗೆ ಮೇಲೇ ಸಿಟ್ಟು ಬಂದಿತ್ತು.

ಕ್ಯಾತ್ಸಂದ್ರದಲ್ಲಿ ಮೋಟಾರ್ ವೈಂಡಿಂಗ್ ಮಾಡುವ ನಮ್ಮ ಭಾವ ಬಂದರು. ‘ಬೋರ್‌ವೆಲ್ ಸ್ಟಾರ್ಟರ್ ಟ್ರಿಪ್ ಆದ್ರೆ ಸ್ಟಾರ್ಟರ್ ಬಯ್ತೀವೇನೋ? ಅದು ಮೋಟಾರ್ ಉಳಿಸ್ತಿರುತ್ತೆ ಕಣೋ. ಮೊದಲು ಕೇಬಲ್ ನೋಡು’ ಅಂದರು. ರಿಸೀವರ್ ಆಫ್ ಮಾಡಿ, ಅದರ ಹಿಂಬದಿಯ ಸ್ಪೀಕರ್ ವೈರ್ ಒಂದೊಂದೇ ಬಿಚ್ಚಿ ಮೀಟರ್ ಹಿಡಿದರು. ನನ್ನ 8 ಓಮ್ ಸ್ಪೀಕರ್‌ಗಳು 6ರ ಆಸುಪಾಸು ತೋರಿಸಿದವು, ಅದು ಸರಿಯೇ. ಬಲಗಡೆಯ ಮುಂದಿನದು ಮಾತ್ರ ಹೆಚ್ಚುಕಮ್ಮಿ ಸೊನ್ನೆ, ಅಂದರೆ ಎಲ್ಲೋ ಶಾರ್ಟ್ ಆಗಿದೆ. ಆ ಸ್ಪೀಕರ್ ತಿರುಗಿಸಿ ಟಾರ್ಚ್ ಬಿಟ್ಟೆವು. ಕೆಂಪು ಟರ್ಮಿನಲ್‌ನಿಂದ ಕೂದಲಿನಷ್ಟು ಸಣ್ಣ ತಾಮ್ರದ ಎಳೆಯೊಂದು ಹೊರಬಂದು, ಬಾಗಿ, ಕಪ್ಪು ಟರ್ಮಿನಲ್‌ಗೆ ತಾಗಿಕೊಂಡಿತ್ತು. ವೈರ್ ಸುಲಿದಾಗ ಜಾಸ್ತಿ ಉದ್ದ ಬಿಟ್ಟು, ಎಳೆಗಳನ್ನು ಸರಿಯಾಗಿ ಹೊಸೆಯದೇ ತುರುಕಿದ್ದೆ. ಕತ್ತರಿಸಿ, ಹೊಸೆದು, ಬಿಗಿ ಮಾಡಿದೆವು. ಆನ್ ಮಾಡಿದರೆ ‘ಟಕ್’ ಒಂದೇ ಸಲ. ಅಷ್ಟು ದಿನ ನಾನು ಬೈದ ಪೆಟ್ಟಿಗೆ ತನ್ನನ್ನು ತಾನೇ ಕಾಪಾಡಿಕೊಂಡಿತ್ತು. ಬೋರ್ಡ್ ಚೆನ್ನಾಗೇ ಇತ್ತು, ಈಗಲೂ ಅದೇ ಬೋರ್ಡ್ ಓಡುತ್ತಿದೆ.

ಈಗ ಐದಕ್ಕೂ ಬನಾನಾ ಪ್ಲಗ್ ಹಾಕಿದ್ದೇನೆ, ವೈರಿನ ತುದಿಗೆ ಹಾಕುವ ಲೋಹದ ಪಿನ್ ಅದು, ಎಳೆ ಹೊರಗೆ ಚಾಚುವುದಿಲ್ಲ. ನೀವು ಹೊಸದು ತರುವಾಗಲೇ ಹಾಕಿಸಿ. ‘ಪ್ರೊಟೆಕ್ಟ್’ ಬಂದರೆ ಸ್ಪೀಕರ್ ವೈರೆಲ್ಲ ಬಿಚ್ಚಿ ಒಮ್ಮೆ ಆನ್ ಮಾಡಿ ನೋಡಿ. ಆಗ ‘ಪ್ರೊಟೆಕ್ಟ್’ ಬರದಿದ್ದರೆ ತೊಂದರೆ ಹೆಚ್ಚಾಗಿ ಹೊರಗಡೆಯದ್ದೇ.

ಒಂದು ದೂರು ಮಾತ್ರ ಹಾಗೇ ಇದೆ: ಬಿಸಿ. ಎರಡೂವರೆ ಗಂಟೆ ಸಿನಿಮಾ ಮುಗಿಯುವಷ್ಟರಲ್ಲಿ ಮೇಲೆ ಕೈ ಇಡಲು ಆಗುವುದಿಲ್ಲ. ಮೇಲೆ ಒಂದು ಗೇಣು ಜಾಗ ಬಿಟ್ಟಿದ್ದೇನೆ. ಶಿವರಾತ್ರಿ ಕಳೆದರೆ ಮಳೆ ಬರುವವರೆಗೂ ಶೋಕೇಸ್ ಬಾಗಿಲು ತೆಗೆದೇ ಇರುತ್ತದೆ, ಧೂಳು ಒರೆಸುವ ಕೆಲಸ ಒಂದು ಜಾಸ್ತಿ.